ನಾಲಿಗೆ ತೋರಿಸು

ಉಪ್ಸಲಾ, ಸ್ವೀಡನ್
ಆಗಸ್ಟ್ 24, ಆದಿತ್ಯವಾರ

ಪ್ರೀತಿಯ ಅಮ್ಮ,

ಹೇಗಿದ್ದೀ? ಅಪ್ಪನ ಮೊಣಕಾಲು ನೋವು ಕಡಿಮೆಯಾಯಿತಾ? ಉಡುಪಿಯಲ್ಲಿ ಸೋಣದ ಮಳೆ ಬಿಟ್ಟೇ ಇಲ್ಲ ಅಂತ ತಂಗಿ ಹೇಳಿದಳು. ಬಟ್ಟೆ ಒಣಗುವುದಿಲ್ಲ ಎಂಬ ನಿನ್ನ ಗೊಣಗಾಟ ಇಲ್ಲಿಗೇ ಕೇಳಿಸಿತು. ಇಲ್ಲಿ ಬೇಸಿಗೆ ಮುಗಿಯುತ್ತಾ ಬಂತು, ಬೆಳಿಗ್ಗೆ ಸ್ವೆಟರ್ ಬೇಕು.

ನಿನ್ನೆ ಹಣ್ಣು ಕೊಯ್ಯಲು ಕಾಡಿಗೆ ಹೋಗಿದ್ದೆ. ಆಫೀಸಿನ ಗೆಳತಿ, ಅವಳ ತಾಯಿ, ನಾನು. ನಮ್ಮ ಕಾಡಿನ ಹಾಗೆ ಬಳ್ಳಿ, ಮುಳ್ಳು ಏನೂ ಇಲ್ಲ. ಉದ್ದುದ್ದ ಪೈನ್ ಮರ, ಕೆಳಗೆ ಹಾಸಿಗೆ ಹಾಸಿದ ಹಾಗೆ ಪಾಚಿ, ಅದರಲ್ಲಿ ಮೊಣಕಾಲಿಗೂ ಬಾರದ ಗಿಡಗಳು. ಎಲೆ ಸರಿಸಿದರೆ ಅಡಿಯಲ್ಲಿ ಒಂದೊಂದೇ ಹಣ್ಣು, ಬೂದಿ ಸವರಿದ ಹಾಗೆ. ಹೆಸರು ಬ್ಲೋಬೇರ್. ಅಂಗಡಿಯ ಬ್ಲೂಬೆರಿ ಅಂತ ತಿಳ್ಕೊಳ್ಬೇಡ. ಅದು ಒಳಗೆ ಬಿಳಿ, ಬಾಯಿಗೆ ಸಪ್ಪೆ. ಇದು ಒಳಗೂ ಕಡು ನೇರಳೆ. ನಮ್ಮ ಕುಂಟಲ ಹಣ್ಣಿನ ತಂಗಿ ಅಂತಲೇ ಇಟ್ಕೋ, ಒಗರು ಮಾತ್ರ ಕಡಿಮೆ.

ಒಂದು ವಿಷಯ ಹೇಳಿದರೆ ನಗಬೇಡ. ಕೈ ಹಣ್ಣಿನ ಮೇಲಿದ್ದರೂ ಕಿವಿ ಹಿಂದಕ್ಕೇ ಇತ್ತು. ಏಪ್ರಿಲ್ ರಜೆಯಲ್ಲಿ ಗುಡ್ಡೆಗೆ ಹೋಗಿ ಕುಂಟಲ, ಕೇಪುಳ, ಚೂರಿಮುಳ್ಳು ಅಂತ ತಿನ್ನುವಾಗ ಆ ಜಾಗದವರು ಕೋಲು ಹಿಡಿದು ಓಡಿಸುತ್ತಿದ್ದರಲ್ಲ, ಅದೇ ಹೆದರಿಕೆ. ಕೊನೆಗೆ ಕೇಳಿಯೇ ಬಿಟ್ಟೆ, ಈ ಕಾಡು ಯಾರದ್ದು? "ಗೊತ್ತಿಲ್ಲ" ಅಂದಳು ಗೆಳತಿ, ತಲೆಯನ್ನೂ ಎತ್ತದೆ. ಇಲ್ಲಿ ಯಾರ ಕಾಡಿನಲ್ಲಾದರೂ ನಡೆಯಬಹುದು, ಹಣ್ಣು, ಅಣಬೆ ಕೊಯ್ಯಬಹುದು. ಮನೆಯಂಗಳಕ್ಕೆ, ಬೆಳೆ ಇರುವ ಗದ್ದೆಗೆ ಹೋಗಬಾರದು, ಅಷ್ಟೆ. ಹಳೇ ರೂಢಿ. 1994ರಲ್ಲಿ ಸಂವಿಧಾನದಲ್ಲೂ ಬರೆದಿದ್ದಾರೆ. ಕದ್ದು ತಿನ್ನದ ಹಣ್ಣಿಗೆ ರುಚಿ ಸ್ವಲ್ಪ ಕಡಿಮೆಯೇ ಅನ್ನು!

ಗೆಳತಿಯ ತಾಯಿಗೆ ನಿನ್ನದೇ ಪ್ರಾಯ. ಅವರ ಹತ್ತಿರ ಒಂದು ಡಬ್ಬ ಇದೆ, ಬಾಯಿಗೆ ಬಾಚಣಿಗೆಯ ಹಾಗೆ ಹಲ್ಲು. ಗಿಡದೊಳಗೆ ತೂರಿಸಿ ಮೇಲಕ್ಕೆ ಬಾಚಿದರೆ ಎಲೆ ಉಳಿದು ಹಣ್ಣು ಡಬ್ಬಕ್ಕೆ ಬೀಳುತ್ತದೆ. ಎಲೆಯೂ ಬೀಳುತ್ತದೆ ಅನ್ನು, ಆಮೇಲೆ ಕೂತು ಹೆಕ್ಕಬೇಕು. ನಾನು ಬೆರಳಲ್ಲೇ ಕೊಯ್ದೆ. ಎರಡು ಗಂಟೆ ಕೊಯ್ದರೆ ಅರ್ಧ ಬಕೆಟ್. ವಾಪಸ್ ಬರುವಾಗ ಪಾಚಿಯ ಮೇಲೆ ಜಾರಿ ಅದರಲ್ಲಿ ಕಾಲುಭಾಗ ನೆಲಕ್ಕೆ! ನನಗೆ ಏನೂ ಆಗಿಲ್ಲ, ಪ್ಯಾಂಟ್ ಮಾತ್ರ ಹೋಯಿತು. ಉಣ್ಣಿಗಳಿವೆ, ಮನೆಗೆ ಬಂದ ಮೇಲೆ ಮೈಯೆಲ್ಲ ಹುಡುಕಬೇಕು. ಅದರಿಂದ ಬರುವ ಮಿದುಳು ಜ್ವರಕ್ಕೆ ಲಸಿಕೆ ಹಾಕಿಸಿಕೊಂಡಿದ್ದೇನೆ, ಗಾಬರಿಯಾಗಬೇಡ.

ಕಾರು ಹತ್ತುವ ಮೊದಲು ಆ ತಾಯಿ ನನ್ನ ಕಡೆ ತಿರುಗಿ ತಮ್ಮ ನಾಲಿಗೆ ಹೊರಗೆ ಹಾಕಿದರು. ನೀಲಿ! ನಾನೂ ತೋರಿಸಿದೆ. "ಗುಡ್ಡೆಗೆ ಹೋಗಿಲ್ಲ" ಅಂತ ನಿನ್ನ ಹತ್ತಿರ ಸುಳ್ಳು ಹೇಳಿದಾಗಲೆಲ್ಲ ನೀನು ನಾಲಿಗೆ ತೋರಿಸು ಅನ್ನುತ್ತಿದ್ದೆಯಲ್ಲ. ಇವರಿಗೆ ಅದನ್ನು ಹೇಳುವಷ್ಟು ಸ್ವೀಡಿಷ್ ನನಗೆ ಬರಲಿಲ್ಲ.

ಇನ್ನೊಂದು ಹಣ್ಣೂ ಸಿಕ್ಕಿತು, ಲಿಂಗೋನ್. ಕೆಂಪು, ಗಟ್ಟಿ, ಕರಂಡೆಯ ಹಾಗೆ ಹುಳಿ. ಹಾಗೇ ಇಟ್ಟರೂ ಬೇಗ ಕೆಡುವುದಿಲ್ಲ. ಇವರು ಸಕ್ಕರೆ ಹಾಕಿ ಕಲಸಿ ಊಟಕ್ಕೆ ಬಡಿಸುತ್ತಾರೆ. ನನಗೆ ಉಪ್ಪಿನಕಾಯಿ ಹಾಕುವ ಆಸೆ. ಒಂದು ಸೇರಿನಷ್ಟು ಇದೆ. ಉಪ್ಪು ಎಷ್ಟು, ಸಾಸಿವೆ ಎಷ್ಟು? ಕರಂಡೆಗೆ ಮಾಡುವ ಹಾಗೆ ಜಜ್ಜಿ ಹಾಕಬೇಕಾ, ಇಡಿಯಾಗಿಯೇ ಸಾಕಾ? ಬೇಗ ತಿಳಿಸು. ಬಾಟಲಿ ತೊಳೆದು ಒಣಗಿಸಿ ಇಟ್ಟಿದ್ದೇನೆ.

ನಿನ್ನ ಮಗಳು