ಆಸ್ಪತ್ರೆ ಅನುಭವದ ಸರ್ವೆ: ಪ್ರಶ್ನೆ ಕೇಳಲು ಬರುವವರು ಭಾನುವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆ ಪಡೆದವರನ್ನು ಆಸ್ಪತ್ರೆಯಲ್ಲಿ ಹೇಗೆ ನೋಡಿಕೊಂಡರು ಎಂದು ಕೇಳುವ ನಮ್ಮ ಸರ್ವೆ ಸೋಮವಾರದಿಂದ ಶುರು. ಮಂಗಳೂರು, ದೇರಳಕಟ್ಟೆ, ಉಡುಪಿ, ಮಣಿಪಾಲ, ಎಲ್ಲಿ ಚಿಕಿತ್ಸೆ ಪಡೆದಿದ್ದರೂ ಆಗುತ್ತದೆ, ಕಾಸರಗೋಡು, ಭಟ್ಕಳದಿಂದ ಬಂದು ಹೋಗುವವರೂ ಸೇರಿ. ಇಂಗ್ಲೆಂಡಿನಲ್ಲಿ ಇಂಥ ಸರ್ವೆ 2010ರಲ್ಲೇ ಶುರುವಾಗಿದೆ, ಆಸ್ಪತ್ರೆವಾರು ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲೂ ಬೇಕು ಅಲ್ವಾ?

ರೋಗಿಗಳನ್ನು ಕೇಳಲು ಹೋಗುವವರು ಮೊದಲು ಅವರ ಮನೆಯವರ ಹತ್ತಿರ ಮಾತಾಡಿ. ಎಷ್ಟೋ ಮನೆಗಳಲ್ಲಿ ರೋಗಿಗೆ ಕಾಯಿಲೆಯ ಹೆಸರೇ ಹೇಳಿರುವುದಿಲ್ಲ, ಗಡ್ಡೆ ಎಂದಷ್ಟೇ ಹೇಳಿರುತ್ತಾರೆ. ನಮ್ಮ ಬಾಯಿಂದ ಅದು ಗೊತ್ತಾಗಬಾರದು. ತುಳು, ಕೊಂಕಣಿ, ಬ್ಯಾರಿ, ಅವರವರ ಮನೆಮಾತಲ್ಲೇ ಕೇಳಿ.

ಸುಮ್ನೆ "ಆಸ್ಪತ್ರೆ ಹೇಗಿತ್ತು" ಎಂದರೆ "ಒಳ್ಳೆದುಂಟು" ಎಂದು ಮುಗಿಸುತ್ತಾರೆ. ಬಿಡಿಸಿ ಕೇಳಬೇಕು: ಕೀಮೋ ಆದ ಮೇಲೆ ಜ್ವರ ಬಂದರೆ ತಡಮಾಡದೆ ಬನ್ನಿ ಎಂದು ಹೇಳಿದ್ದರಾ, ರಾತ್ರಿ ಫೋನ್ ಮಾಡಲು ನಂಬರ್ ಕೊಟ್ಟಿದ್ದರಾ, ಆಯುಷ್ಮಾನ್ ಕಾರ್ಡಿನ ಅನುಮತಿಗೆ ಕಾಯುವಾಗ ಯಾರಾದರೂ ಸರಿಯಾಗಿ ವಿವರ ಕೊಟ್ಟರಾ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಆ ಜ್ವರದ ಪ್ರಶ್ನೆ, ಅದನ್ನು ಬಿಡಲೇಬೇಡಿ. ಅವರಿಗೆ ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ.

ರೋಗಿಯ ಹೆಸರು, ಫೈಲ್ ನಂಬರ್, ಫೋಟೋ ಯಾವುದೂ ಬೇಡ, ಈ ಗುಂಪಿನಲ್ಲಂತೂ ಹಾಕಲೇಬೇಡಿ.

ಬರುವವರು ಭಾನುವಾರ ಸಂಜೆಯೊಳಗೆ ನಿಮ್ಮ ಊರು, ಮಾತಾಡಲು ಬರುವ ಭಾಷೆ ಇಲ್ಲಿ ಬರೆಯಿರಿ. ಮಲಯಾಳ ಬರುವವರು ಕಡಿಮೆ ಇದ್ದೇವೆ, ನಿಮಗೆ ಗೊತ್ತಿದ್ದವರಿದ್ದರೆ ದಯವಿಟ್ಟು ಕೇಳಿ ನೋಡಿ.