ಕೋಳಿಗಳ ತೀನಿ ಪೋಲಾಗದಂತೆ: ಅಪ್ಪನಿಗೊಂದು ಕಾಗದ

ಹೆರೆಫರ್ಡ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಗಿರಿರಾಜ ಕೋಳಿಗಳಿಗೆಂದು ತಂದ ಫೀಡಿನ ಚೀಲ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದೆ, ಗೂಡಿನ ನೆಲವೆಲ್ಲ ರೊಚ್ಚೆಯಾಗುತ್ತಿದೆ ಎಂದು ನೀವು ಫೋನಿನಲ್ಲಿ ಹೇಳಿದಿರಲ್ಲ, ಅದಕ್ಕೆ ಅಳತೆಗಳ ಸಮೇತ ಬರೆದು ತಿಳಿಸುವುದೇ ಮೇಲೆಂದು ಈ ಕಾಗದ.

ಮೊಟ್ಟೆಯಿಡುವ ಒಂದು ಕೋಳಿಗೆ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ತೀನಿ ಸಾಕು. ಆ ಲೆಕ್ಕದಲ್ಲಿ ಇಲ್ಲಿ ನಮ್ಮ ಹಿತ್ತಲಿನ ಆರು ಕೋಳಿಗಳಿಗೆ 20 ಕೆ.ಜಿ. ಚೀಲ ನಾಲ್ಕು ವಾರ ಬರಬೇಕು. ಮೂರು ವಾರಕ್ಕೇ ತಳ ಕಾಣುತ್ತಿದ್ದಾಗ, ಇವು ಹೊಟ್ಟೆಬಾಕ ಕೋಳಿಗಳೆಂದು ನಿಮ್ಮ ಅಳಿಯಂದಿರು ತೀರ್ಮಾನಿಸಿಬಿಟ್ಟಿದ್ದರು. ಆದರೆ ಪಕ್ಕದಲ್ಲಿ ಕುಳಿತು ನೋಡಿದರೆ ಸಂಗತಿಯೇ ಬೇರೆ. ಕೋಳಿ ಪಾತ್ರೆಯೊಳಗೆ ಕೊಕ್ಕಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ, ತನಗೆ ಬೇಕಾದ ದಪ್ಪ ಚೂರನ್ನು ಆರಿಸಿಕೊಳ್ಳುತ್ತದೆ. ಉಳಿದದ್ದು ಅಂಚು ದಾಟಿ ನೆಲಕ್ಕೆ ಬೀಳುತ್ತದೆ, ಅದರ ಮೇಲೆ ಹಿಕ್ಕೆ ಬೀಳುತ್ತದೆ, ಆಮೇಲೆ ಕಾಲಿನಿಂದ ಕೆದರಾಟ. ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ಅದನ್ನು ತಿಂದ ಕೋಳಿಗೆ ಕಾಯಿಲೆ. ಒಣಗಿದ್ದರೆ ರಾತ್ರಿ ಹೆಗ್ಗಣಗಳಿಗೆ ಊಟ.

ಇಲ್ಲಿ ಇದು ಇನ್ನಷ್ಟು ದುಬಾರಿ, ಏಕೆಂದರೆ ಅಡುಗೆಮನೆ ಹೊಕ್ಕು ಬಂದ ಯಾವ ಪದಾರ್ಥವನ್ನೂ, ಅದು ಸೊಪ್ಪಿನ ದಂಟೇ ಆಗಿರಲಿ, ಕೋಳಿಗೆ ಹಾಕುವುದು ಕಾನೂನಿಗೆ ವಿರುದ್ಧ. ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಬಳಸದ ಮನೆಗೆ ಮಾತ್ರ ವಿನಾಯಿತಿ. 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಸಾಕಿದವರೂ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಹಕ್ಕಿಜ್ವರದ ನಿರ್ಬಂಧ ಜಾರಿಯಲ್ಲಿರುವಾಗ, ಕಾಡುಹಕ್ಕಿಗಳು ಬಾಯಿ ಹಾಕದಂತೆ ತೀನಿಯನ್ನು ಸೂರಿನ ಕೆಳಗೇ ಇಡಬೇಕು. ಮಿಕ್ಕ ಅನ್ನವನ್ನು ಹಿತ್ತಲಿಗೆ ಎರಚುವ ಅಮ್ಮನಿಗೆ ಇದೆಲ್ಲ ವಿಚಿತ್ರವೆನಿಸೀತು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಎತ್ತರ. ತೀನಿ ಪಾತ್ರೆಯ ಅಂಚು ನಿಂತ ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು. ಆಗ ಅದು ಕತ್ತು ಚಾಚಿ ತಿನ್ನುತ್ತದೆಯೇ ಹೊರತು ಒಳಗೆ ಕಾಲಿಟ್ಟು ಕೆದಕಲಾರದು. ಊರಿನ ನಮ್ಮ ಗೂಡಿನಲ್ಲಿ ನಾಟಿ ಹೇಂಟೆಗಳೂ ಇರುವುದರಿಂದ, ಗಿರಿರಾಜನ ಬೆನ್ನನ್ನು ಬಿಟ್ಟು ಎಲ್ಲಕ್ಕಿಂತ ಗಿಡ್ಡ ಹೇಂಟೆಯ ಬೆನ್ನನ್ನೇ ಅಳತೆಗೆ ಹಿಡಿಯಿರಿ. ಪಾತ್ರೆಯನ್ನು ಎಂದೂ ಭರ್ತಿ ಮಾಡಬೇಡಿ, ಮೂರನೇ ಒಂದು ಪಾಲು ಸಾಕು. ಅಂಚು ಒಳಮುಖವಾಗಿ ಮಡಚಿದ್ದರೆ ಬೀಸಿದ ಕಾಳು ಮತ್ತೆ ಒಳಗೇ ಬೀಳುತ್ತದೆ.

ನಾನು ಮಾಡಿರುವುದು ನಾಲ್ಕಿಂಚಿನ ಪಿವಿಸಿ ಪೈಪಿನ ಫೀಡರ್. ಪೈಪನ್ನು ಗೋಡೆಗೆ ನೆಟ್ಟಗೆ ಬಿಗಿದು, ಬುಡಕ್ಕೆ 45 ಡಿಗ್ರಿಯ ವೈ ಆಕಾರದ ಜೋಡಣೆ ಕೂರಿಸಿ, ತಳವನ್ನೂ ಮೇಲ್ತುದಿಯನ್ನೂ ಮುಚ್ಚಳದಿಂದ ಮುಚ್ಚಿದ್ದೇನೆ. ಓರೆಯಾಗಿ ಮೇಲಕ್ಕೆ ಚಾಚಿದ ಬಾಯಿಯೊಳಗೆ ಕೋಳಿ ತಲೆ ತೂರಿಸಿ ತಿನ್ನಬೇಕು, ಕೊಕ್ಕು ಬೀಸಲು ಜಾಗವೇ ಸಿಗದು. ಸಂಜೆ ಆ ಬಾಯಿಗೂ ಮುಚ್ಚಳ ಹಾಕಿದರೆ ಹೆಗ್ಗಣಕ್ಕೆ ಏನೂ ಸಿಗುವುದಿಲ್ಲ.

ಆದರೆ ನಿಮಗೆ ಇದನ್ನೇ ಮಾಡಿ ಎನ್ನಲಾರೆ. ಪೆಲೆಟ್ಟು, ಅಂದರೆ ಗುಳಿಗೆಯಂಥ ತೀನಿ, ಮತ್ತು ಇಡೀ ಕಾಳು ಪೈಪಿನಲ್ಲಿ ಸಲೀಸಾಗಿ ಇಳಿಯುತ್ತವೆ. ಪುಡಿ ಫೀಡು, ಅದರಲ್ಲೂ ನಮ್ಮೂರಿನ ಮಳೆಗಾಲದ ತೇವದಲ್ಲಿ, ನಡುವೆ ಗಟ್ಟಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ, ಹೊರಗಿನಿಂದ ತುಂಬಿದಂತೆಯೇ ಕಾಣುತ್ತದೆ. ಪುಡಿಗೆ ಉದ್ದುದ್ದ ಸೀಳಿದ ದಪ್ಪ ಬಿದಿರಿನ ದೋಣಿಯೇ ಒಳ್ಳೆಯದು. ಅದರ ಮೇಲೆ ತುದಿಯಿಂದ ತುದಿಗೆ, ಸಡಿಲವಾಗಿ ಉರುಳುವಂತೆ ಒಂದು ದುಂಡು ಗಳುವನ್ನು ಕೂರಿಸಿ. ಕೋಳಿ ಹತ್ತಿದೊಡನೆ ಗಳು ತಿರುಗಿ ಅದನ್ನು ಇಳಿಸಿಬಿಡುತ್ತದೆ, ತೀನಿಯಲ್ಲಿ ಹಿಕ್ಕೆ ಬೀಳುವುದಿಲ್ಲ.

ನೀವು ತರುತ್ತಿರುವುದು ಪುಡಿಯೋ ಪೆಲೆಟ್ಟೋ ತಿಳಿಸಿ. ದೋಣಿ ಕಟ್ಟುವ ಮುಂಚೆ ಒಂದು ವಾರ ಹಾಕುವ ತೀನಿಯನ್ನು ತೂಗಿ ತಮ್ಮನ ಕೈಯಲ್ಲಿ ಬರೆಸಿಡಿ, ಕಟ್ಟಿದ ಮೇಲೆ ಇನ್ನೊಂದು ವಾರ ತೂಗಿಸಿ, ಎರಡನ್ನೂ ನನಗೆ ಕಳುಹಿಸಿಕೊಡಿ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು