ಪರೀಕ್ಷೆ ಗೆದ್ದ ಮೇಲೂ ಕೈತಪ್ಪುವ 48,000 ರೂಪಾಯಿ

ಮಾನ್ಯ ಸಂಪಾದಕರೇ,

ಎಂಟನೇ ತರಗತಿಯ ಎನ್‌ಎಂಎಂಎಸ್ (ಕಡಿಮೆ ಆದಾಯದ ಮನೆಯ ಪ್ರತಿಭಾವಂತ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಯೋಜನೆ) ವಿದ್ಯಾರ್ಥಿವೇತನ ಪರೀಕ್ಷೆಯನ್ನು ಮಹಾರಾಷ್ಟ್ರದಲ್ಲಿ ಕನ್ನಡದಲ್ಲೇ ಬರೆಯಲು ಅವಕಾಶವಿದೆ ಎಂಬುದು ಮುಂಬೈಯ ಎಷ್ಟೋ ಕನ್ನಡ ಪಾಲಕರಿಗೆ ಗೊತ್ತಿಲ್ಲ. ಗೊತ್ತಿರುವವರಲ್ಲೂ ಹಲವರು ಪಟ್ಟಿಯಲ್ಲಿ ಹೆಸರು ಬಂದರೆ ಹಣ ತಾನಾಗಿ ಖಾತೆಗೆ ಬೀಳುತ್ತದೆ ಎಂದು ನಂಬಿದ್ದಾರೆ. ಅದು ಹಾಗೆ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಸೋತು ಕಳೆದುಕೊಳ್ಳುವ ಮಕ್ಕಳ ಮಾತು ಬೇರೆ; ಗೆದ್ದ ಮೇಲೂ ಕಾಗದಪತ್ರದಲ್ಲಿ ಕಳೆದುಕೊಳ್ಳುವ ಮಕ್ಕಳ ಬಗ್ಗೆ ಈ ಪತ್ರ.

ಕೇಂದ್ರ ಸರಕಾರ 2008ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಮನೆಗೆ ಇದು ಸಣ್ಣ ಮೊತ್ತವಲ್ಲ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50), ಮಗು ಸರಕಾರಿ, ಮಹಾನಗರಪಾಲಿಕೆ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಅನುದಾನರಹಿತ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯದ ಮಕ್ಕಳಿಗೆ ಇದು ಇಲ್ಲ. ಅರ್ಜಿಯನ್ನು ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತಿಗೆ ಶಾಲೆಯೇ ಆನ್‌ಲೈನ್‌ನಲ್ಲಿ ತುಂಬುತ್ತದೆ. ಆದ್ದರಿಂದ ಮುಖ್ಯಾಧ್ಯಾಪಕರನ್ನು ಮೊದಲೇ ಕಂಡು ಕೇಳಬೇಕು. ಆದಾಯದ ದಾಖಲೆಯೂ ಬೇಕು. ಸಂಬಳದ ಚೀಟಿಯೇ ಇಲ್ಲದವರಿಗೆ ಅದಕ್ಕೆ ಬೇಕಾದ ಕಾಗದ ಹೊಂದಿಸುವಷ್ಟರಲ್ಲೇ ವಾರಗಳು ಕಳೆಯುತ್ತವೆ. ಅರ್ಜಿ ಕರೆದ ಮೇಲೆ ಸರಕಾರಿ ದಾಖಲೆ ಮಾಡಿಸಿಕೊಡುವ ಸೇತು ಕೇಂದ್ರಕ್ಕೆ ಓಡಿದರೆ ತಡವಾಯಿತೆಂದೇ ಲೆಕ್ಕ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ಅಂಕ, 90 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆದರೆ ಯಂತ್ರ ಓದುವ ಓಎಂಆರ್ ಉತ್ತರ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ತುಂಬಿದ ವೃತ್ತವನ್ನು ತಿದ್ದಿದರೆ, ಒಂದಕ್ಕೆ ಎರಡು ವೃತ್ತ ತುಂಬಿದರೆ ಆ ಅಂಕ ಹೋಯಿತು. ಮೊದಲ ಪತ್ರಿಕೆ ಬೌದ್ಧಿಕ ಸಾಮರ್ಥ್ಯದ್ದು: ಸರಣಿ, ಹೋಲಿಕೆ, ಗುಂಪಿಗೆ ಸೇರದ್ದನ್ನು ಗುರುತಿಸುವುದು, ಚಿತ್ರದೊಳಗೆ ಅಡಗಿದ ಚಿತ್ರ. ಉದಾಹರಣೆಗೆ 4, 9, 19, 39 ಎಂಬ ಸರಣಿ. ಅಭ್ಯಾಸವಿಲ್ಲದ ಮಗು ಗುಣಾಕಾರ, ವರ್ಗ ಎಂದೆಲ್ಲ ಹುಡುಕುತ್ತ ಮೂರು ನಿಮಿಷ ಕಳೆಯುತ್ತದೆ. ಅಭ್ಯಾಸವಿರುವ ಮಗು ಮೊದಲು ವ್ಯತ್ಯಾಸ ಬರೆಯುತ್ತದೆ: 5, 10, 20. ಮುಂದಿನದು 40, ಉತ್ತರ 79. ಇಪ್ಪತ್ತು ಸೆಕೆಂಡಿನ ಕೆಲಸ. ಪ್ರಶ್ನೆಗೊಂದು ನಿಮಿಷ ಮಾತ್ರ ಇರುವ ಕಡೆ ಗೆಲ್ಲಿಸುವುದು ಈ ರೂಢಿಯೇ, ಕಂಠಪಾಠವಲ್ಲ.

ಎರಡನೆಯದು ಪಠ್ಯದ ಪತ್ರಿಕೆ. ವಿಜ್ಞಾನ 35, ಸಮಾಜ ವಿಜ್ಞಾನ 35, ಗಣಿತ 20. ಸಮಾಜದಲ್ಲಿ ಇತಿಹಾಸ ಮತ್ತು ಭೂಗೋಲಕ್ಕೆ ತಲಾ 15, ಪೌರನೀತಿಗೆ 5. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಎಡವುವುದು ಇಲ್ಲಿ. ಊರಿಂದ ಬರುವಾಗ ತಂದ ಕರ್ನಾಟಕದ ಎನ್‌ಎಂಎಂಎಸ್ ಮಾರ್ಗದರ್ಶಿಗಳು ಕನ್ನಡದಲ್ಲಿವೆ, ಚೆನ್ನಾಗಿಯೂ ಇರುತ್ತವೆ. ಬೌದ್ಧಿಕ ಪತ್ರಿಕೆಗೆ ಧಾರಾಳವಾಗಿ ಬಳಸಿ. ಆದರೆ ಪಠ್ಯದ ಭಾಗ ಕರ್ನಾಟಕದ ಪುಸ್ತಕಗಳನ್ನು ಅನುಸರಿಸಿರುತ್ತದೆ. ಇಲ್ಲಿಯ ಇತಿಹಾಸ, ಭೂಗೋಲಗಳ ಪಾಠಗಳೇ ಬೇರೆ. ಈ ಪತ್ರಿಕೆಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳನ್ನೇ ಓದಬೇಕು, ಏಳನೆಯ ತರಗತಿಯದ್ದನ್ನೂ ಸೇರಿಸಿ. ಏಳರ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ ಎಂದು ಪಾಲಕರಲ್ಲಿ ಕೈಮುಗಿದು ಕೇಳುತ್ತೇವೆ.

ಅರ್ಹತೆಗೆ ಎರಡೂ ಸೇರಿ ಶೇ. 40, ಅಂದರೆ 180ಕ್ಕೆ 72 ಅಂಕ ಬೇಕು, ಪರಿಶಿಷ್ಟರಿಗೆ ಶೇ. 32. ಆದರೆ 72 ಬಂದರೆ ವಿದ್ಯಾರ್ಥಿವೇತನ ಬಂತೆಂದು ಅರ್ಥವಲ್ಲ. ಇಡೀ ರಾಜ್ಯಕ್ಕಿರುವುದು 11,682 ಸ್ಥಾನ, ಆಯ್ಕೆ ಜಿಲ್ಲೆ ಮತ್ತು ಪ್ರವರ್ಗದ ಪ್ರಕಾರ.

ಇನ್ನು ಆಯ್ಕೆಯಾದ ಮೇಲಿನ ಮಾತು. ಮಗು ಒಂಬತ್ತಕ್ಕೆ ಹೋದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅದನ್ನು ಮೊದಲು ಶಾಲೆ, ಆಮೇಲೆ ಜಿಲ್ಲೆಯ ಅಧಿಕಾರಿ ಪರಿಶೀಲಿಸಬೇಕು. ಮಹಾನಗರಪಾಲಿಕೆಯ ಶಾಲೆ ಎಂಟಕ್ಕೆ ಮುಗಿದರೆ ಮಗು ಹೊಸ ಶಾಲೆಯಲ್ಲಿರುತ್ತದೆ. ಈ ಮಗು ಆಯ್ಕೆಯಾಗಿದೆ ಎಂಬುದೇ ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಹಳೆಯ ಶಾಲೆ ಫಲಿತಾಂಶದ ಪ್ರತಿಯನ್ನು ಟಿಸಿಯ ಜೊತೆಗೇ ಕೊಟ್ಟು ಕಳಿಸಿದರೆ ಅರ್ಧ ಕೆಲಸ ಆದಂತೆ. ಆ ಹೊಸ ಶಾಲೆ ಅನುದಾನರಹಿತ ಇಂಗ್ಲಿಷ್ ಶಾಲೆಯಾದರೆ ವೇತನ ಅಲ್ಲಿಗೇ ನಿಂತಿತು.

ಹೆಸರಿನ ತೊಡಕು ನಮ್ಮವರಿಗೇ ಹೆಚ್ಚು. ಇಲ್ಲಿಯ ಶಾಲಾ ರಿಜಿಸ್ಟರಿನಲ್ಲಿ ‘ಪೂಜಾರಿ ಸಾಕ್ಷಿ ರಮೇಶ’. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ‘ಸಾಕ್ಷಿ ಆರ್.’. ಪೋರ್ಟಲ್ ನೋಡುವುದು ಆಧಾರ್‌ನ ಹೆಸರನ್ನು. ಎರಡೂ ತಾಳೆಯಾಗದಿದ್ದರೆ ಅರ್ಜಿ ಸಿಕ್ಕಿಬೀಳುತ್ತದೆ. ಏಳನೇ ತರಗತಿಯಲ್ಲೇ ಶಾಲೆಯ ಹೆಸರಿನಂತೆ ಆಧಾರ್ ತಿದ್ದಿಸಿಕೊಳ್ಳುವುದು ಸುಲಭದ ದಾರಿ. ಖಾತೆ ಮಗುವಿನ ಹೆಸರಿನಲ್ಲಿರಬೇಕು. ಆಧಾರ್ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟ ಮಾತ್ರಕ್ಕೆ ನೇರ ಪಾವತಿಗೆ ಖಾತೆ ಸಿದ್ಧವಾಗುವುದಿಲ್ಲ. ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’, ಅಂದರೆ ಆಧಾರ್ ಮೂಲಕ ಬರುವ ಹಣ ಈ ಖಾತೆಗೇ ಬರುವಂತೆ ಜೋಡಣೆ ಆಗಿದೆಯೇ ಎಂದೇ ಕೌಂಟರಿನಲ್ಲಿ ಕೇಳಿ.

ಅರ್ಜಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಹತ್ತರಲ್ಲಿ ಶೇ. 60 (ಪರಿಶಿಷ್ಟರಿಗೆ ಶೇ. 55) ಬಂದರೆ ಮಾತ್ರ ಹನ್ನೊಂದರಲ್ಲಿ ಮುಂದುವರಿಯುತ್ತದೆ. ಹನ್ನೊಂದರ ಆನ್‌ಲೈನ್ ಪ್ರವೇಶದಲ್ಲಿ ಒಂದೇ ಕಾಲೇಜಿನ ಹೆಸರಿನಡಿ ಅನುದಾನಿತ ಮತ್ತು ಸ್ವ-ಅನುದಾನದ ವಿಭಾಗಗಳು ಬೇರೆಬೇರೆ ಇರುತ್ತವೆ. ಕಾಲೇಜಿನ ಹೆಸರಷ್ಟೇ ನೋಡಿ ಸರಕಾರದ ಅನುದಾನವಿಲ್ಲದ ಈ ಎರಡನೆಯ ವಿಭಾಗಕ್ಕೆ ಟಿಕ್ ಮಾಡಿದವರು ಎರಡು ವರ್ಷದ 24,000 ರೂಪಾಯಿ ಬಿಟ್ಟುಕೊಟ್ಟಂತೆ.

ನಗರದ ಕನ್ನಡ ಸಂಘಗಳಿಗೆ ನಮ್ಮದೊಂದು ಬೇಡಿಕೆಯಿದೆ. ಜೂನ್‌ನಲ್ಲಿ ನೀವು ನೋಟ್‌ಬುಕ್ ಹಂಚುವ ದಿನವೇ ಅದೇ ಸಭಾಂಗಣದಲ್ಲಿ ಎರಡು ಮೇಜು ಹಾಕಿಸಿ. ಒಂದರಲ್ಲಿ ಏಳು, ಎಂಟನೆಯ ತರಗತಿಯವರ ಆದಾಯ ದಾಖಲೆಯ ಅರ್ಜಿ ತುಂಬಿಸಿ, ಇನ್ನೊಂದರಲ್ಲಿ ಆಧಾರ್ ಮತ್ತು ಶಾಲೆಯ ಹೆಸರನ್ನು ತಾಳೆ ನೋಡಿ. ಪೋರ್ಟಲ್ ತೆರೆದಾಗ ಆಯ್ಕೆಯಾದ ಮಕ್ಕಳ ಮನೆಗೆ ಒಂದು ಫೋನ್ ಮಾಡುವ ಹೊಣೆಯನ್ನು ಸಂಘದ ಯುವ ವಿಭಾಗ ಹೊತ್ತುಕೊಳ್ಳಲಿ.

— ಕನ್ನಡ ಮಾಧ್ಯಮದ ಕೆಲವು ಶಿಕ್ಷಕರು, ಮುಂಬೈ